ಗಮನ ತಪ್ಪಿದವರ ಚರಿತ್ರೆ

ಅಡಿಕೆ ತೋಟ ಇರುವವರಿಗೆ ಮಳೆಗಾಲ ಬಂತೆಂದರೆ ಕೊಳೆರೋಗದ ಚಿಂತೆ. ಮಳೆ ಹಿಡಿಯುವ ಮೊದಲೇ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸಿ ಮುಗಿಸಬೇಕು. 40-45 ದಿನ ಕಳೆದ ಮೇಲೆ ಸ್ವಲ್ಪ ಹೊಳವಾದ ದಿನ ನೋಡಿ ಎರಡನೆಯ ಸಲ ಹೊಡೆಸಬೇಕು. ಮೈಲುತುತ್ತ, ಸುಣ್ಣ, ಮರ ಹತ್ತುವ ಕೊನೆಗೌಡ, ದೋಟಿ, ಪಂಪು, ಇವೆಲ್ಲ ಒಂದೇ ದಿನ ಒಂದೇ ಕಡೆ ಸೇರಬೇಕು. ಒಂದು ತಪ್ಪಿದರೂ ಕೆಲಸ ನಿಲ್ಲುತ್ತದೆ. ಒಂದು ವಾರ ತಡವಾದರೆ ಮರದ ಬುಡದಲ್ಲಿ ಉದುರಿದ ಹಸಿ ಅಡಿಕೆಯ ರಾಶಿ ಬೀಳುತ್ತದೆ.

ಯಲ್ಲಾಪುರ ತಾಲೂಕಿನ ನಂದೊಳ್ಳಿಯ ಕಡೆಗೆ ಹೋದಾಗ ನಾವು ಕಂಡ ಒಬ್ಬ ತೋಟಿಗರ ಮನೆಯಲ್ಲಿ ಇದು ಐದು ವರ್ಷಗಳಲ್ಲಿ ಮೂರು ಸಲ ನಡೆದಿತ್ತು. ಮೈಲುತುತ್ತವನ್ನು ಅವರು ಮೇ ತಿಂಗಳಲ್ಲೇ ತಂದಿದ್ದರು. ಅದನ್ನು ಎಲ್ಲಿಟ್ಟರೆಂಬುದು ಮರೆತುಹೋಗಿತ್ತು. ಕೊನೆಗೌಡನಿಗೆ ಹೇಳಿ ಬರುತ್ತೇನೆಂದು ಹೊರಟವರು ದಾರಿಯಲ್ಲಿ ಕೆಟ್ಟು ನಿಂತಿದ್ದ ಯಾರದೋ ಪಂಪ್‌ಸೆಟ್ ಬಿಚ್ಚಿ ಕುಳಿತು ಸಂಜೆ ಮನೆಗೆ ಬಂದಿದ್ದರು. ಪಂಪ್‌ಸೆಟ್ ಸರಿಯಾಗಿತ್ತು, ಕೊನೆಗೌಡ ಬೇರೆಯವರ ತೋಟಕ್ಕೆ ಹೋಗಿದ್ದ. ಬೆಳೆಸಾಲದ ಕಂತು, ಮಗಳ ಕಾಲೇಜಿನ ಫೀಸು, ವಿದ್ಯುತ್ ಬಿಲ್ಲು, ಪ್ರತಿಯೊಂದಕ್ಕೂ ದುಡ್ಡಿದ್ದಾಗಲೂ ಕೊನೆಯ ದಿನ ದಾಟುತ್ತಿತ್ತು. ‘ಎಂತ ಮಾರಾಯ, ಇವತ್ತೂ ಮರ್ತ್ಯಾ?’ ಎಂಬ ಮಾತನ್ನು ಕೇಳದ ದಿನ ತಮ್ಮ ಬದುಕಿನಲ್ಲಿ ಕಡಿಮೆ ಎಂದು ಅವರೇ ನಗುತ್ತ ಹೇಳಿದರು. ಆ ನಗು ಬಹಳ ಹಳೆಯದು. ಬೈಗುಳ ಬರುವ ಮೊದಲೇ ತಾನೇ ತನ್ನನ್ನು ಹಾಸ್ಯ ಮಾಡಿಕೊಳ್ಳುವವರ ನಗು.

ಊರಿನವರು ಸೋಮಾರಿ ಎಂದರು. ಹೆಂಡತಿ ಬೇಜವಾಬ್ದಾರಿ ಎಂದರು. ಅಣ್ಣ ತಮ್ಮಂದಿರು ಹಿಸ್ಸೆಯಾಗಿ ಬೇರೆಯಾಗುವ ತನಕ ತಾಳಿಕೊಂಡರು. ಆದರೆ ಸೋಮಾರಿಯಾದವನು ರಾತ್ರಿಯಿಡೀ ಊಟ ಮರೆತು ಇನ್ನೊಬ್ಬರ ಯಂತ್ರ ರಿಪೇರಿ ಮಾಡುತ್ತಾನೆಯೇ? ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಕೇಳಿದವರು ಹುಬ್ಬಳ್ಳಿಯ ಒಬ್ಬ ವೈದ್ಯರು, ಅದೂ ಮಗನನ್ನು ತೋರಿಸಲು ಹೋದಾಗ. ಹುಡುಗ ತರಗತಿಯಲ್ಲಿ ಕುಳಿತಲ್ಲಿ ಕೂರುವುದಿಲ್ಲವೆಂದು ಶಾಲೆಯವರು ಹೇಳಿ ಕಳುಹಿಸಿದ್ದರು. ಹುಡುಗನಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಇದೆ ಎಂದು ಹೇಳಿದ ವೈದ್ಯರು ತಂದೆಯ ಕಡೆಗೆ ತಿರುಗಿ, ‘ನಿಮಗೂ ಚಿಕ್ಕಂದಿನಲ್ಲಿ ಹೀಗೇ ಇತ್ತೇ? ಈಗಲೂ ಇದೆಯೇ?’ ಎಂದು ಕೇಳಿದರು. ಆಗ ಅವರಿಗೆ 46 ವರ್ಷ. ವಾಪಸು ಬರುವಾಗ ಕಲಘಟಗಿಯಲ್ಲಿ ಬಸ್ಸು ನಿಂತಾಗ ಚಹಾಕ್ಕೆಂದು ಇಳಿಯಲಿಲ್ಲವಂತೆ. ಮನೆ ಮುಟ್ಟುವ ತನಕ ತಮ್ಮ ಶಾಲೆಯ ದಿನಗಳಿಂದ ಹಿಡಿದು ಎಲ್ಲವನ್ನೂ ಮತ್ತೆ ಲೆಕ್ಕ ಹಾಕುತ್ತಿದ್ದರಂತೆ.

ಇಂಥವರ ಚರಿತ್ರೆಯನ್ನು ಎಲ್ಲಿ ಹುಡುಕಬೇಕು ಎಂಬುದು ನಮ್ಮನ್ನು ಕಾಡಿದ ಪ್ರಶ್ನೆ. ಉತ್ತರ ಕನ್ನಡ ಜಿಲ್ಲೆ 1862ರ ತನಕ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಆಮೇಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಪಕ್ಕದ ಧಾರವಾಡದಲ್ಲಿ ಬ್ರಿಟಿಷರು 1845ರಲ್ಲೇ ‘ಹುಚ್ಚರ ಆಸ್ಪತ್ರೆ’ ತೆರೆದಿದ್ದರು. ಇಂದು ಡಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆ ಅದೇ. ಬೆಂಗಳೂರಿನಲ್ಲಿಯೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1840ರ ದಶಕದ ಕೊನೆಯಲ್ಲಿ, ಅಂಥದೇ ಒಂದು ಆಸ್ಪತ್ರೆ ಶುರುವಾಯಿತು. ಅದು ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯಿತು. ಹೀಗಾಗಿ ಮಾನಸಿಕ ಚಿಕಿತ್ಸೆಯ ದೃಷ್ಟಿಯಿಂದ ಕನ್ನಡನಾಡು ಹಿಂದುಳಿದ ನಾಡಲ್ಲ. ಆದರೆ ಆ ಆಸ್ಪತ್ರೆಗಳ ಹಳೆಯ ದಾಖಲೆಗಳಲ್ಲಿ ನಮ್ಮ ತೋಟಿಗರಂಥವರು ಸಿಗುವುದಿಲ್ಲ. 1858ರ ಕಾಯಿದೆಯ ಪ್ರಕಾರ ಬೀದಿಯಲ್ಲಿ ಅಲೆಯುವ, ಅಪಾಯಕಾರಿಯೆಂದು ಕಂಡ ‘ಹುಚ್ಚ’ನನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದರು, ಅವರು ಆಸ್ಪತ್ರೆಗೆ ಕಳುಹಿಸುತ್ತಿದ್ದರು. 1912ರ ಕಾಯಿದೆಯೂ ಮೂಲದಲ್ಲಿ ಇದೇ ಬಗೆಯದು. ಮರೆಯುವವನನ್ನು, ಮಾತಿನ ನಡುವೆ ಬಾಯಿ ಹಾಕುವವನನ್ನು, ಶುರು ಮಾಡಿದ್ದನ್ನು ಮುಗಿಸದವನನ್ನು ಯಾವ ಪೊಲೀಸ್ ಹಿಡಿಯುತ್ತಾನೆ? ಅವನ ಚರಿತ್ರೆ ಶಾಲೆಯ ಹಾಜರಿ ಪುಸ್ತಕದಲ್ಲಿದೆ, ಸಾಲ ಕೊಟ್ಟವರ ಕಡತದಲ್ಲಿದೆ, ಹಿಸ್ಸೆಪತ್ರದಲ್ಲಿದೆ. ಹೆಚ್ಚಿನದು ಮನೆಯ ಜಗಲಿಯ ಮಾತಿನಲ್ಲಿದೆ.

ಆ ಮಾತುಗಳನ್ನು ಒಮ್ಮೆ ನೋಡಿ. ಉಡಾಳ, ಮಳ್ಳ, ತಲೆತಿರುಕ, ಅರೆಬರೆ, ಕಪಿ. ನಮ್ಮ ದಖನಿ ಮಾತಾಡುವ ಮನೆಗಳಲ್ಲಿ ಬೇಪರ್ವಾ, ನಾಲಾಯಕ್, ಕಾಮ್‌ಚೋರ್. ನಮ್ಮ ವಚನಕಾರರೂ ಮನಸ್ಸನ್ನು ಕೋತಿಗೆ ಹೋಲಿಸಿದರು. ಆದರೆ ಅವರು ಹೇಳಿದ್ದು ಎಲ್ಲ ಮನುಷ್ಯರ ಮನಸ್ಸಿನ ಬಗ್ಗೆ, ತಮ್ಮ ಮನಸ್ಸನ್ನೂ ಸೇರಿಸಿ. ಜಗಲಿಯ ಮಾತು ಹಾಗಲ್ಲ. ಅದು ಒಬ್ಬನನ್ನು ಬೇರೆ ಮಾಡಿ ತೋರಿಸುತ್ತದೆ. ಈ ಪದಗಳಲ್ಲಿ ಒಂದಾದರೂ ಕಾಯಿಲೆಯ ಹೆಸರಲ್ಲ, ಎಲ್ಲವೂ ಗುಣದ ಹೆಸರುಗಳು. ಕೊಳೆರೋಗ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಮೈಸೂರು ಸರಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಒಂದು ಶತಮಾನದ ಹಿಂದೆಯೇ ಅಭ್ಯಾಸ ಮಾಡಿ ಬರೆದರು. ಬೋರ್ಡೋ ದ್ರಾವಣ ಹೊಡೆಸುವುದನ್ನು ಮರೆತ ಮನಸ್ಸಿನ ಅಭ್ಯಾಸ ಮಾಡಲು ಇನ್ನೂ ಬಹಳ ಕಾಲ ಬೇಕಾಯಿತು.

ಯುರೋಪಿನಲ್ಲಿ ಈ ವಿಷಯ ಪುಸ್ತಕಕ್ಕೆ ಬಂದದ್ದು ನಾವು ಎಣಿಸುವುದಕ್ಕಿಂತ ಮೊದಲೇ. ಜರ್ಮನಿಯ ವೈದ್ಯ ಮೆಲ್ಕಿಯೋರ್ ಆಡಂ ವೈಕಾರ್ಡ್ 1775ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಪುಸ್ತಕದಲ್ಲಿ ಗಮನದ ಕೊರತೆಯ ಬಗ್ಗೆ ಒಂದು ಅಧ್ಯಾಯವಿದೆ. ಅವನು ಸೂಚಿಸಿದ ಚಿಕಿತ್ಸೆ ಓದಿದರೆ ನಗು ಬರುತ್ತದೆ: ಗದ್ದಲದಿಂದ ದೂರವಿಡಿ, ತಣ್ಣೀರು ಸ್ನಾನ ಮಾಡಿಸಿ, ಕುದುರೆ ಸವಾರಿ ಮಾಡಿಸಿ. (ಗದ್ದಲ ದೂರವಿಡುವುದು ಮತ್ತು ಮೈಗೆ ಕೆಲಸ ಕೊಡುವುದು ಇಂದಿನ ವೈದ್ಯರ ಸಲಹೆಯಲ್ಲೂ ಇದೆ ಎನ್ನುವುದು ಬೇರೆ ಮಾತು.) 1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್, ಯಾವುದೇ ವಸ್ತುವಿನ ಮೇಲೆ ಮನಸ್ಸು ನಿಲ್ಲಿಸಲಾಗದ, ಸಣ್ಣ ಸದ್ದಿಗೂ ಚಂಚಲವಾಗುವ ಸ್ಥಿತಿಯನ್ನು ಬಹಳ ಸ್ಪಷ್ಟವಾಗಿ ವರ್ಣಿಸಿದ. ಇದು ಹುಟ್ಟಿನಿಂದಲೇ ಬರಬಹುದು ಎಂದೂ ಹೇಳಿದ. ಜೊತೆಗೆ, ವಯಸ್ಸಾದಂತೆ ಇದು ಕಡಿಮೆಯಾಗುತ್ತದೆ ಎಂಬ ಒಂದು ಮಾತನ್ನೂ ಸೇರಿಸಿದ. ಆ ಒಂದು ಮಾತು ಮುಂದಿನ ಇನ್ನೂರು ವರ್ಷ ವೈದ್ಯರ ಮನಸ್ಸಿನಲ್ಲಿ ಉಳಿಯಿತು.

ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿ ಮೂರು ಉಪನ್ಯಾಸಗಳನ್ನು ಕೊಟ್ಟು 43 ಮಕ್ಕಳ ವಿವರ ಹೇಳಿದ. ಬುದ್ಧಿಗೆ ಕೊರತೆಯಿಲ್ಲ, ಸಾಕಿದವರ ತಪ್ಪೂ ಇಲ್ಲ, ಆದರೂ ಈ ಮಕ್ಕಳಿಗೆ ತಮ್ಮನ್ನು ತಾವು ತಡೆದುಕೊಳ್ಳಲು ಆಗುವುದಿಲ್ಲ ಎಂದ. ಮಹತ್ವದ ಮಾತು. ಆದರೆ ಅದಕ್ಕೆ ಅವನಿಟ್ಟ ಹೆಸರು ‘ನೈತಿಕ ನಿಯಂತ್ರಣದ ದೋಷ’. ವೈದ್ಯನೂ ಕೊನೆಗೆ ಜಗಲಿಯ ಭಾಷೆಗೇ ಬಂದ. ತೊಂದರೆಯನ್ನು ಮಿದುಳಿನಲ್ಲಿ ಹುಡುಕುತ್ತ ಅದಕ್ಕೆ ನೀತಿಯ ಹಣೆಪಟ್ಟಿ ಹಚ್ಚಿದ.

ನೀತಿಯ ಮಾತು ಹಿಂದೆ ಸರಿದದ್ದು ಒಂದು ಸಾಂಕ್ರಾಮಿಕ ರೋಗದಿಂದ. 1917ರಿಂದ ಹತ್ತು ಹನ್ನೊಂದು ವರ್ಷ ಜಗತ್ತಿನಲ್ಲಿ ಹರಡಿದ ಮಿದುಳಿನ ಉರಿಯೂತದಿಂದ ಬದುಕಿ ಉಳಿದ ಎಷ್ಟೋ ಮಕ್ಕಳು ಅದುವರೆಗೆ ಇಲ್ಲದ ಚಡಪಡಿಕೆ, ದುಡುಕು, ಗಮನಹೀನತೆ ತೋರಿಸತೊಡಗಿದರು. ಹಾಗಾದರೆ ಇದು ಮಿದುಳಿನ ವಿಷಯ ಎಂದು ವೈದ್ಯರು ಬಲವಾಗಿ ನಂಬಿದರು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ, ಪರೀಕ್ಷೆಯೊಂದರಿಂದ ಬರುತ್ತಿದ್ದ ತಲೆನೋವಿಗೆಂದು ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟ. ತಲೆನೋವು ಹೋಯಿತೋ ಬಿಟ್ಟಿತೋ, 30 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳು ಪಾಠದಲ್ಲಿ ಕೂತು ಓದತೊಡಗಿದರು. ಚುರುಕು ಮಾಡುವ ಔಷಧ ಚಂಚಲ ಮಗುವನ್ನು ಶಾಂತಗೊಳಿಸಿತು! ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯ ರಸಾಯನ ವಿಜ್ಞಾನಿ ಲೆಯಾಂಡ್ರೊ ಪನಿಜೋನ್ 1944ರಲ್ಲಿ ಮೀಥೈಲ್‌ಫೆನಿಡೇಟ್ ತಯಾರಿಸಿದ. ಹೆಂಡತಿ ರೀಟಾಳ ಹೆಸರಿನಿಂದ ಅದಕ್ಕೆ ರಿಟಾಲಿನ್ ಎಂಬ ಹೆಸರು ಬಂತು. ಇಂದಿಗೂ ಈ ತೊಂದರೆಗೆ ಮುಖ್ಯ ಔಷಧ ಅದೇ.

ಆದರೆ ಇವೆಲ್ಲ ಮಕ್ಕಳ ಕಥೆ. 1968ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಈ ತೊಂದರೆಯನ್ನು ಸೇರಿಸಿದಾಗ ಹೆಸರಿನಲ್ಲೇ ‘ಬಾಲ್ಯದ’ ಎಂಬ ಪದವಿತ್ತು. ಬಾಲ್ಯ ಮುಗಿದ ಮೇಲೆ ಅವರು ಎಲ್ಲಿ ಹೋದರು? 1976ರಲ್ಲಿ ಯೂಟಾದ ಪಾಲ್ ವೆಂಡರ್ ಮತ್ತು ಸಂಗಡಿಗರು 15 ಮಂದಿ ವಯಸ್ಕರ ಮೇಲೆ ಮಾಡಿದ ಒಂದು ಸಣ್ಣ ಅಧ್ಯಯನವನ್ನು ಪ್ರಕಟಿಸಿ, ಅವರು ಎಲ್ಲಿಯೂ ಹೋಗಿಲ್ಲ, ನಮ್ಮ ನಡುವೆಯೇ ಇದ್ದಾರೆ ಎಂದು ತೋರಿಸಿದರು. 1980ರ ಕೈಪಿಡಿಯಲ್ಲಿ ವಯಸ್ಕರಿಗೆ ‘ಉಳಿಕೆ’ ಎಂಬ ಒಂದು ಮೂಲೆ ಸಿಕ್ಕಿತು. 1990ರಲ್ಲಿ ಆಲನ್ ಜಮೆಟ್ಕಿನ್ ಎಂಬ ವೈದ್ಯ ಬಾಲ್ಯದಿಂದ ಈ ತೊಂದರೆಯಿದ್ದ, ತಮ್ಮ ಮಕ್ಕಳಿಗೂ ಅದೇ ತೊಂದರೆಯಿದ್ದ ತಂದೆ ತಾಯಂದಿರ ಮಿದುಳಿನ ಚಿತ್ರ ತೆಗೆದು, ಅದರ ಕೆಲವು ಭಾಗಗಳು ಇತರರಿಗಿಂತ ಕಡಿಮೆ ಶಕ್ತಿ ಬಳಸುತ್ತವೆ ಎಂದು ಹೇಳಿದ. ಬ್ರಿಟನ್ನಿನ ಸರಕಾರಿ ಆರೋಗ್ಯ ಮಾರ್ಗಸೂಚಿ ವಯಸ್ಕರನ್ನು ಒಪ್ಪಿಕೊಂಡದ್ದು 2008ರಲ್ಲಿ. 2013ರ ಅಮೆರಿಕನ್ ಕೈಪಿಡಿ ವಯಸ್ಕರಿಗಾಗಿ ಲಕ್ಷಣಗಳ ಸಂಖ್ಯೆಯನ್ನು ಆರರಿಂದ ಐದಕ್ಕಿಳಿಸಿತು, ಲಕ್ಷಣಗಳು 7ನೇ ವಯಸ್ಸಿನ ಬದಲು 12ನೇ ವಯಸ್ಸಿನೊಳಗೆ ಕಾಣಿಸಿಕೊಂಡಿದ್ದರೆ ಸಾಕು ಎಂದಿತು. ಅಂದರೆ ನಂದೊಳ್ಳಿಯ ತೋಟಿಗರ ಬಾಲ್ಯ, ಯೌವನ, ಮದುವೆ, ಹಿಸ್ಸೆ ಇವೆಲ್ಲ ಮುಗಿಯುವ ಹೊತ್ತಿಗೆ ದೊಡ್ಡ ದೇಶಗಳ ವೈದ್ಯರೇ ಇಂಥವರಿದ್ದಾರೆಂದು ಒಪ್ಪುತ್ತಿದ್ದರು. ನಮ್ಮೂರಿನವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ವೆಂಡರ್ ಅವರ ಅಧ್ಯಯನ ಬಂದ 1976ರಲ್ಲೇ ಕನ್ನಡದಲ್ಲಿ ಇನ್ನೊಂದು ಸಂಗತಿ ನಡೆಯಿತು. ‘ರಾಶಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ, ‘ಕೊರವಂಜಿ’ ಹಾಸ್ಯ ಮಾಸಿಕದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕಕ್ಕೆ ದೇಶದ ದೊಡ್ಡ ಸಾಹಿತ್ಯ ಪ್ರಶಸ್ತಿ! ಆಮೇಲೆ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರು ಹಳ್ಳಿಯ ಓದುಗರಿಗೂ ತಿಳಿಯುವಂತೆ ಮನೋವೈದ್ಯಕೀಯ ಪುಸ್ತಕಗಳನ್ನು ಸಾಲುಸಾಲಾಗಿ ಬರೆದರು. ಓದುಗರ ಪ್ರಶ್ನೆಗಳಿಗೆ ಪತ್ರಿಕೆಗಳಲ್ಲಿ ಉತ್ತರಿಸುವ ಅಂಕಣಗಳ ಮೂಲಕ ‘ಡಿಪ್ರೆಶನ್’, ‘ಫಿಟ್ಸ್’, ‘ಸ್ಕಿಜೋಫ್ರೀನಿಯಾ’ ಇವು ನಮ್ಮ ಮನೆಮಾತಿನೊಳಗೆ ಬಂದವು. ಕನ್ನಡದಲ್ಲಿ ಹೇಳುವವರಿಗೆ ಕೊರತೆಯಿರಲಿಲ್ಲ. ವಯಸ್ಕರ ಗಮನದ ತೊಂದರೆ ಮಾತ್ರ ಆ ಸಾಲಿನಲ್ಲಿ ಬಹಳ ಹಿಂದೆ ಉಳಿಯಿತು.

ಸರಕಾರದ ಯೋಜನೆಗಳಲ್ಲೂ ಹಾಗೆಯೇ. ನಿಮ್ಹಾನ್ಸ್‌ನವರು 1970ರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಹಳ್ಳಿಯ ಜನರ ನಡುವೆ ಕೆಲಸ ಶುರುಮಾಡಿದರು. ಆ ಅನುಭವದಿಂದ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಔಷಧವನ್ನು ಹಳ್ಳಿಯ ಹತ್ತಿರ ಒದಗಿಸಿದರು. ಇದು ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಕರ್ನಾಟಕ ದೇಶಕ್ಕೆ ಕೊಟ್ಟ ದೊಡ್ಡ ಕೊಡುಗೆಗಳಲ್ಲಿ ಇದೊಂದು, ನಾವು ಇದನ್ನು ಸಾಕಷ್ಟು ನೆನೆಯುವುದಿಲ್ಲ. ಆದರೆ ಬಳ್ಳಾರಿಯಲ್ಲಿ ಕಣ್ಣಿಟ್ಟದ್ದು ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯಗಳ ಮೇಲೆ. ಆಗ ಬೇರೆ ದಾರಿಯಿರಲಿಲ್ಲ. ಸಂಕೋಲೆಯಲ್ಲಿರುವವನನ್ನು ಬಿಡಿಸುವ ಕೆಲಸವೇ ಮುಗಿಯದಿರುವಾಗ ಕೊನೆಗೌಡನಿಗೆ ಹೇಳಲು ಮರೆತವನ ಕಡೆ ನೋಡುವವರು ಯಾರು?

ಸಂಕೋಲೆಯ ಮಾತು ಬಂತು, ನಮ್ಮ ಸಮುದಾಯದ ಒಂದು ನೋವನ್ನು ಹೇಳದೆ ಮುಂದೆ ಹೋಗಲಾಗದು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿ ದರ್ಗಾದ ಸುತ್ತ ಮನೋರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ‘ಮನೆ’ಗಳಿದ್ದವು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಚಪ್ಪರಕ್ಕೆ ಬೆಂಕಿ ಬಿದ್ದಾಗ ಸಂಕೋಲೆಯಲ್ಲಿದ್ದವರು ಓಡಲಾಗದೆ ಸುಟ್ಟುಹೋದರು. ಒಟ್ಟು 28 ಮಂದಿ ಸತ್ತರು. ಅವರಲ್ಲಿ ಎಲ್ಲ ಧರ್ಮದವರೂ ಇದ್ದರು, ಕರೆತಂದವರಲ್ಲೂ ಎಲ್ಲ ಧರ್ಮದವರಿದ್ದರು. ಸುಪ್ರೀಂ ಕೋರ್ಟು ಸ್ವತಃ ಪ್ರಕರಣ ಕೈಗೆತ್ತಿಕೊಂಡಿತು. ನಮ್ಮ ರಾಜ್ಯದಲ್ಲೂ ಮನಸ್ಸಿನ ತೊಂದರೆಯವರನ್ನು ಕರೆದೊಯ್ಯುವ ದರ್ಗಾಗಳಿವೆ, ದೇವಸ್ಥಾನಗಳಿವೆ. ಅಲ್ಲಿ ಸಿಗುವ ಸಮಾಧಾನವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ಸಿಗದ ಒಂದು ಸಮಾಧಾನ ಬಡವನಿಗೆ ಅಲ್ಲಿ ಸಿಗುತ್ತಿರಬಹುದು. ಆದರೆ ಏರ್ವಾಡಿಯ ನಂತರ ನಮ್ಮ ಮನೆಗಳಲ್ಲಿ ಇನ್ನೊಂದು ಅಭ್ಯಾಸವೂ ಬೆಳೆಯಿತು: ಮನಸ್ಸಿನ ಯಾವ ತೊಂದರೆಯನ್ನೇ ಆಗಲಿ, ಹೊರಗೆ ಹೇಳಿದರೆ ‘ಹುಚ್ಚು’ ಎನ್ನುತ್ತಾರೆಂದು ಬಚ್ಚಿಡುವುದು. ಮಗಳ ಮದುವೆಯ ಮಾತು ನಡೆಯುತ್ತಿರುವ ಮನೆಯಲ್ಲಿ ಅಪ್ಪ ಮನೋವೈದ್ಯರ ಹತ್ತಿರ ಹೋಗುವುದು ಸಾಧ್ಯವೇ ಇಲ್ಲ ಎಂಬಷ್ಟರ ಮಟ್ಟಿಗೆ.

ಇದು ನಮ್ಮ ಪರಂಪರೆಯೇನೂ ಅಲ್ಲ. ಹತ್ತನೆಯ ಶತಮಾನದ ಅಬೂ ಝೈದ್ ಅಲ್ ಬಲ್ಖಿ ದೇಹದ ಆರೋಗ್ಯದ ಜೊತೆ ಮನಸ್ಸಿನ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ಇಟ್ಟು ಬರೆದವರು. ಕಾರಣವಿದ್ದು ಬರುವ ದುಃಖ ಬೇರೆ, ಕಾರಣ ತಿಳಿಯದೆ ಕವಿಯುವ ದುಃಖ ಬೇರೆ ಎಂದು ವಿಂಗಡಿಸಿದವರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು. ಬೆನ್ನು ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಹೆಮ್ಮೆಯಿಂದ ಇಬ್ನ್ ಸೀನಾರ ಹೆಸರು ಹೇಳುವ ಮನೆಯಲ್ಲೇ ಮಗನ ಮರೆವಿಗೆ ಮೊದಲು ತಾಯಿತ, ಆಮೇಲೆ ಬೆತ್ತ, ಕೊನೆಗೆ ಬೈಗುಳ ಎಂಬ ಕ್ರಮ ನಡೆಯುತ್ತಿರುವುದನ್ನು ನೋಡಿ ಹೇಳುತ್ತಿದ್ದೇವೆ.

ಗುರುತಿಸದೆ ಬಿಟ್ಟರೆ ಏನಾಗುತ್ತದೆ? ‘ಮರೆವು ಯಾರಿಗಿಲ್ಲ’ ಎಂದು ತಳ್ಳಿಹಾಕುವವರಿಗೆ ಎರಡು ಸಂಗತಿ ಹೇಳಬೇಕು. 2015ರಲ್ಲಿ ಡೆನ್ಮಾರ್ಕಿನ ಸಂಶೋಧಕರು 19 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದಾಗ ಎಡಿಎಚ್‌ಡಿ ಇರುವವರು ಅಕಾಲದಲ್ಲಿ ಸಾಯುವ ಪ್ರಮಾಣ ಇತರರಿಗಿಂತ ಹೆಚ್ಚೆಂದು ಕಂಡುಬಂತು. ದೊಡ್ಡ ಕಾರಣ ಅಪಘಾತಗಳು. ಅದರಲ್ಲೂ ತೊಂದರೆ ಗೊತ್ತಾದದ್ದು ದೊಡ್ಡವರಾದ ಮೇಲೆ ಎಂಬವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಿತ್ತು. ಇನ್ನೊಂದು ನಮ್ಮದೇ ರಾಜ್ಯದ್ದು. 2008ರಲ್ಲಿ ನಿಮ್ಹಾನ್ಸ್‌ನ ವೈದ್ಯರು ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಚಿಕ್ಕ ವಯಸ್ಸಿನಲ್ಲೇ ಕುಡಿತಕ್ಕೆ ದಾಸರಾದವರಲ್ಲಿ ಬಾಲ್ಯದ ಎಡಿಎಚ್‌ಡಿ ಲಕ್ಷಣಗಳು, ತಡವಾಗಿ ಕುಡಿತಕ್ಕೆ ಬಿದ್ದವರಿಗಿಂತ ಹೆಚ್ಚಾಗಿದ್ದವು. ನಮ್ಮೂರುಗಳಲ್ಲಿ ಕುಡುಕನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅವನು ಎಂಟು ವರ್ಷದವನಿದ್ದಾಗ ತರಗತಿಯ ಹೊರಗೆ ಎಷ್ಟು ದಿನ ನಿಂತಿದ್ದ ಎಂದು ಯಾರೂ ಕೇಳುವುದಿಲ್ಲ.

ಅಪಘಾತ, ಕುಡಿತ, ಗುಟ್ಕಾ, ಒಂದಾದ ಮೇಲೆ ಒಂದರಂತೆ ಬಿಟ್ಟ ಕೆಲಸಗಳು, ಸಾಲ, ವಿಚ್ಛೇದನ, ಇವು ಹೊರಗೆ ಕಾಣುವಂಥವು. ಒಳಗೆ ನಡೆಯುವುದು ಇನ್ನೊಂದು. ಮೂವತ್ತು ನಲವತ್ತು ವರ್ಷ ‘ನೀನು ಮನಸ್ಸು ಮಾಡಿದರೆ ಆಗುತ್ತದೆ’ ಎಂಬ ಮಾತನ್ನು ಕೇಳಿ ಕೇಳಿ, ತನಗೆ ಮನಸ್ಸೇ ಇಲ್ಲವೆಂದು ಒಬ್ಬ ಮನುಷ್ಯ ನಂಬಿಬಿಡುತ್ತಾನೆ. ಖಿನ್ನತೆ, ಆತಂಕ ಇಲ್ಲಿಂದಲೇ ಶುರುವಾಗುತ್ತವೆ. ವೈದ್ಯರ ಬಳಿ ಹೋದರೂ ಖಿನ್ನತೆಗೆ ಮಾತ್ರ ಔಷಧ ಸಿಗುತ್ತದೆ, ಅದರ ಬುಡದಲ್ಲಿರುವುದು ಹಾಗೆಯೇ ಉಳಿಯುತ್ತದೆ.

ಒಂದು ವಿಷಯವನ್ನು ಇಲ್ಲಿ ನಮ್ಮ ಊಹೆಯೆಂದೇ ಹೇಳುತ್ತೇವೆ. ಹಳೆಯ ಕೂಡುಮನೆಯಲ್ಲಿ ಈ ತೊಂದರೆ ಇಷ್ಟು ಕಾಡಿರಲಾರದು. ದೊಡ್ಡಣ್ಣ ಲೆಕ್ಕ ನೋಡುತ್ತಿದ್ದ, ಅತ್ತಿಗೆ ನೆನಪಿಸುತ್ತಿದ್ದಳು. ಕೊನೆ ಕೊಯ್ಲು, ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲವೂ ಹತ್ತು ಜನ ಒಟ್ಟಿಗೆ ಕೂತು ಮಾಡುವ ಕೆಲಸಗಳು. ಬಗಲಲ್ಲಿ ಯಾರಾದರೂ ಕೂತು ಕೆಲಸ ಮಾಡುತ್ತಿದ್ದರೆ ಚಂಚಲ ಮನಸ್ಸೂ ನಿಲ್ಲುತ್ತದೆ. ಹಿಸ್ಸೆಯಾಗಿ, ಆಳು ಸಿಗದಾಗಿ, ಮಕ್ಕಳು ಬೆಂಗಳೂರು ಸೇರಿ, ಎಲ್ಲ ಲೆಕ್ಕ ಎಲ್ಲ ತಾರೀಖು ಒಬ್ಬನ ತಲೆಯ ಮೇಲೆ ಬಿದ್ದಾಗ ಆ ಹಳೆಯ ಆಸರೆ ಕಳಚಿತು. ಕೂಡುಮನೆಯನ್ನು ಹೊಗಳುತ್ತಿಲ್ಲ. ಅದರ ಒಳಗಿದ್ದ ಹೆಂಗಸರನ್ನು ಕೇಳಿದರೆ ಬೇರೆಯೇ ಚರಿತ್ರೆ ಹೇಳುತ್ತಾರೆ.

ಹೆಂಗಸರ ಮಾತನ್ನು ಹೇಳಲೇಬೇಕು. ವೈದ್ಯರು ನೂರು ವರ್ಷ ನೋಡಿದ್ದು ಹೆಚ್ಚಾಗಿ ಗಂಡುಮಕ್ಕಳನ್ನು, ಅದೂ ಬೆಂಚು ಹಾರುವ ಗಂಡುಮಕ್ಕಳನ್ನು. ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕೂತ ಹುಡುಗಿಯಿಂದ ಯಾರಿಗೂ ತೊಂದರೆಯಿಲ್ಲ, ಆದ್ದರಿಂದ ಯಾರೂ ಅವಳನ್ನು ವೈದ್ಯರ ಬಳಿ ಕರೆದೊಯ್ಯುವುದಿಲ್ಲ. ಅವಳಲ್ಲಿ ಚಟುವಟಿಕೆ ಮೈಯಲ್ಲಿಲ್ಲ, ತಲೆಯೊಳಗಿದೆ. ಮದುವೆಯಾದ ಮೇಲೆ ಹಾಲು ಉಕ್ಕುತ್ತದೆ, ಅನ್ನ ಸೀಯುತ್ತದೆ, ಬೀಗದ ಕೈ ಸಿಗುವುದಿಲ್ಲ, ನೆಂಟರ ಮನೆಗೆ ಹೊರಡುವ ಹೊತ್ತಿಗೆ ಮಗುವಿನ ಒಂದು ಚಪ್ಪಲಿ ಕಾಣುವುದಿಲ್ಲ. ಗಂಡಸು ಮರೆತರೆ ‘ಅವನಿಗೆ ನೂರೆಂಟು ಕೆಲಸ’ ಎನ್ನುವ ಅತ್ತೆಯೇ ಸೊಸೆ ಮರೆತರೆ ‘ತವರಿನಲ್ಲಿ ಕಲಿಸಿಲ್ಲ’ ಎನ್ನುತ್ತಾಳೆ. ನಮ್ಮ ಪರಿಚಯದ ಒಬ್ಬ ಶಿಕ್ಷಕಿ ಇಪ್ಪತ್ತು ವರ್ಷ ರಾತ್ರಿ ಎರಡು ಗಂಟೆಯ ತನಕ ಎದ್ದು ಕುಳಿತು ಮಾರನೆಯ ದಿನದ ಪ್ರತಿಯೊಂದನ್ನೂ ಜೋಡಿಸಿಡುತ್ತಿದ್ದರು. ಶಾಲೆಯಲ್ಲಿ ಅವರಿಗೆ ಶಿಸ್ತಿನ ಟೀಚರ್ ಎಂಬ ಹೆಸರು. ಆ ಶಿಸ್ತಿನ ಬೆಲೆ ಅವರ ನಿದ್ದೆ ಎಂಬುದು ಮನೆಯವರಿಗೂ ಗೊತ್ತಿರಲಿಲ್ಲ.

ಇನ್ನು ಎಲ್ಲ ಮರೆವೂ ಎಡಿಎಚ್‌ಡಿ ಅಲ್ಲ. ಥೈರಾಯ್ಡ್, ನಿದ್ದೆಯ ಕೊರತೆ, ಖಿನ್ನತೆ, ಸಕ್ಕರೆ ಕಾಯಿಲೆ, ಕುಡಿತ, ಕೈಯಲ್ಲಿರುವ ಮೊಬೈಲು, ಇವೂ ಗಮನ ಕದಿಯುತ್ತವೆ. ಹೋದ ವರ್ಷದಿಂದ ಶುರುವಾದ ಮರೆವು ಇದಲ್ಲ. ಇದರ ಬೇರು ಬಾಲ್ಯದಲ್ಲಿರಬೇಕು, ಮನೆಯಲ್ಲೂ ಕೆಲಸದಲ್ಲೂ ಎರಡು ಕಡೆ ಕಾಣಬೇಕು, ಬದುಕಿಗೆ ನಷ್ಟ ಮಾಡಿರಬೇಕು. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿಂಗ್‌ನಿಂದಾಗಲಿ ಇದು ಗೊತ್ತಾಗುವುದಿಲ್ಲ. ವೈದ್ಯರು ಕೂಡಿಸಿ ಕೇಳುತ್ತಾರೆ, ಸಾಧ್ಯವಾದರೆ ತಾಯಿಯನ್ನೋ ಅಣ್ಣನನ್ನೋ ಕರೆಸಿ ಕೇಳುತ್ತಾರೆ, ಹಳೆಯ ಶಾಲಾ ವರದಿ ಇದ್ದರೆ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಆರು ಪ್ರಶ್ನೆಗಳ ಒಂದು ಪಟ್ಟಿಯಿದೆ. ಅದು ಸಂಶಯಕ್ಕೆ ದಾರಿ ಮಾಡಿಕೊಡುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಈ ತೊಂದರೆ ವಂಶದಲ್ಲಿ ಬಹಳ ಬಲವಾಗಿ ಹರಿಯುತ್ತದೆ. ಹಾಗಾಗಿ ಮಗುವಿಗೆ ಇದೆಯೆಂದು ಗೊತ್ತಾದಾಗ ತಂದೆ ತಾಯಿಯ ಕಡೆ ತಿರುಗಿ ಕೇಳುವುದು ಒಳ್ಳೆಯ ವೈದ್ಯರ ಲಕ್ಷಣ. ಎಷ್ಟೋ ವಯಸ್ಕರು ಬೆಳಕಿಗೆ ಬಂದದ್ದು ಹೀಗೆ ಮಕ್ಕಳ ಕೈ ಹಿಡಿದು.

ಔಷಧದ ಬಗ್ಗೆ ಭಯವಿದೆ. ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಮಾದಕ ವಸ್ತುಗಳ ಕಾಯಿದೆಯ ನಿಯಂತ್ರಣದಲ್ಲಿರುವುದರಿಂದ ತಜ್ಞರ ಚೀಟಿಯಿಲ್ಲದೆ ಸಿಗದು, ಸಣ್ಣ ಊರಿನ ಔಷಧ ಅಂಗಡಿಯಲ್ಲಿ ಚೀಟಿಯಿದ್ದರೂ ಸಿಗುವುದು ಕಷ್ಟ. ಆಟೊಮೊಕ್ಸೆಟಿನ್ ಎಂಬ ಇನ್ನೊಂದು ಔಷಧವಿದೆ, ಅದು ಉತ್ತೇಜಕವಲ್ಲ, ಗುಣ ತೋರಿಸಲು ಕೆಲವು ವಾರ ಬೇಕು. ಎರಡಕ್ಕೂ ಮೊದಲು ಹೃದಯ, ರಕ್ತದೊತ್ತಡ ನೋಡಬೇಕು. ಔಷಧವೊಂದೇ ಸಾಲದು ಎಂಬುದಕ್ಕೂ ಆಧಾರವಿದೆ. 2010ರಲ್ಲಿ ಅಮೆರಿಕದಲ್ಲಿ, ಔಷಧ ತೆಗೆದುಕೊಳ್ಳುತ್ತಲೂ ಕಷ್ಟಪಡುತ್ತಿದ್ದ 86 ವಯಸ್ಕರ ಮೇಲೆ ನಡೆಸಿದ ಪ್ರಯೋಗದಲ್ಲಿ, ಕೆಲಸವನ್ನು ತುಂಡು ಮಾಡಿಕೊಳ್ಳುವುದು, ಒಂದೇ ಪುಸ್ತಕದಲ್ಲಿ ಎಲ್ಲವನ್ನೂ ಬರೆಯುವುದು, ತನ್ನ ಬಗ್ಗೆ ತಾನೇ ಆಡಿಕೊಳ್ಳುವ ಮಾತನ್ನು ತಿದ್ದಿಕೊಳ್ಳುವುದು, ಇಂಥವನ್ನು ಕಲಿಸುವ ಆಪ್ತಚಿಕಿತ್ಸೆಯಿಂದ ಹೆಚ್ಚಿನ ಪ್ರಯೋಜನ ಕಂಡುಬಂತು.

ಯಲ್ಲಾಪುರದ ಕಡೆಯವರು ಎಲ್ಲಿಗೆ ಹೋಗಬೇಕು? ಹುಬ್ಬಳ್ಳಿ ಸುಮಾರು 70 ಕಿಲೋಮೀಟರು, ಧಾರವಾಡದ ಡಿಮ್ಹಾನ್ಸ್‌ಗೆ ಇನ್ನಷ್ಟು ದೂರ. ಕಾರವಾರದಲ್ಲಿ ಜಿಲ್ಲಾ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಇವೆ, ಆದರೆ ಘಟ್ಟ ಇಳಿದು ಹೋಗಬೇಕು. ಮಳೆಗಾಲದಲ್ಲಿ ಆ ದಾರಿಯ ಕಥೆ ಎಲ್ಲರಿಗೂ ಗೊತ್ತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಬೇಡ, ಹೆಸರು ಹೇಳಲೇಬೇಕೆಂದಿಲ್ಲ. ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆ ಚಿಕಿತ್ಸೆಯನ್ನು ಹಕ್ಕೆಂದು ಹೇಳುತ್ತದೆ. ಆದರೆ 2016ರ ವಿಕಲಚೇತನರ ಕಾಯಿದೆಯ 21 ವಿಧಗಳ ಪಟ್ಟಿಯಲ್ಲಿ ಎಡಿಎಚ್‌ಡಿಯ ಹೆಸರಿಲ್ಲ. ಕಲಿಕೆಯ ನ್ಯೂನತೆ ಇದೆ, ಆಟಿಸಂ ಇದೆ. ಹಾಗಾಗಿ ಪರೀಕ್ಷೆಯಲ್ಲೋ ನೌಕರಿಯಲ್ಲೋ ಒಂದಿಷ್ಟು ರಿಯಾಯಿತಿ ಕೇಳುವವರಿಗೆ ಕೈಯಲ್ಲಿ ಹಿಡಿಯಲು ಕಾಗದವಿಲ್ಲ.

ತೋಟಿಗರಿಗಾದರೂ ಹುಬ್ಬಳ್ಳಿಗೆ ಹೋಗಿಬರುವ ಶಕ್ತಿಯಿತ್ತು. ಅದೇ ತಾಲೂಕಿನ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ತೋಟದ ಕೂಲಿಗೆ ಬರುವ ಒಬ್ಬ ಸಿದ್ದಿ ಹುಡುಗ ಶಾಲೆ ಬಿಟ್ಟದ್ದು ಏಕೆಂದು ಕೇಳಿದರೆ ಬಡತನ ಎಂಬ ಉತ್ತರ ತಯಾರಿರುತ್ತದೆ, ಅದು ಸುಳ್ಳೂ ಅಲ್ಲ. ಬಡತನದ ಹಿಂದೆ ಇನ್ನೊಂದು ಕಾರಣವೂ ಇರಬಹುದೇ ಎಂದು ಹುಡುಕುವಷ್ಟು ಪುರುಸೊತ್ತು ಯಾರಿಗಿದೆ? ಹುಬ್ಬಳ್ಳಿಗೆ ಒಂದು ಸಲ ಹೋಗಿಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ತಿಂಗಳಿಗೊಮ್ಮೆ ಹೋಗಬೇಕೆಂದರೆ ಮಾತೇ ಇಲ್ಲ. ತಾಲೂಕು ಆಸ್ಪತ್ರೆಯ ಮಟ್ಟದಲ್ಲಿ ಇದನ್ನು ಗುರುತಿಸುವ ತರಬೇತಿಯೂ ಔಷಧವೂ ಬರುವ ತನಕ ಈ ರೋಗನಿರ್ಣಯ ಬಸ್ ಚಾರ್ಜು ಇದ್ದವರ ಪಾಲಿಗೆ ಮಾತ್ರ. ಮೂರ್ಛೆರೋಗದ ಮಾತ್ರೆಯನ್ನು ಬಳ್ಳಾರಿಯ ಹಳ್ಳಿಗೆ ಮುಟ್ಟಿಸಿದ ರಾಜ್ಯಕ್ಕೆ ಇದು ಆಗದ ಕೆಲಸವೇನಲ್ಲ.

ನಂದೊಳ್ಳಿಯ ತೋಟಿಗರು ಈಗ ಮಾತ್ರೆ ತೆಗೆದುಕೊಳ್ಳುತ್ತಾರೆ. ಎಲ್ಲವೂ ಸರಿಹೋಯಿತೆಂದು ಅವರೇನೂ ಹೇಳಲಿಲ್ಲ. ಹೋದ ನಲವತ್ತು ವರ್ಷದ ಲೆಕ್ಕ ಕೆಲವು ರಾತ್ರಿ ಇನ್ನೂ ಕಾಡುತ್ತದಂತೆ. ಶಾಲೆಯಲ್ಲಿ ದಿನವೂ ಹೊಡೆಯುತ್ತಿದ್ದ ಮೇಷ್ಟರು ಈಗಿಲ್ಲ, ಅವರಿಗೆ ಹೇಳಬೇಕಿತ್ತು ಎಂದರು. ಅಣ್ಣನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ವೈದ್ಯರು ಮನೆಯವರನ್ನು ಕರೆತನ್ನಿ ಎಂದಾಗ ಮಗ ಹೋಗಿ ದೊಡ್ಡಪ್ಪನನ್ನು ಕೇಳಿದನಂತೆ. ಅವರು ಒಂದು ಮಾತೂ ಆಡದೆ ಅಂಗಿ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಬಂದರಂತೆ. ವೈದ್ಯರ ಮುಂದೆ ತಮ್ಮನ ಬಾಲ್ಯದ ಕಥೆಗಳನ್ನು ಒಂದೊಂದಾಗಿ ಹೇಳುತ್ತ ಹೋದವರು ನಡುವೆ ಒಮ್ಮೆ ನಿಂತು, ‘ನಾವು ಇವನಿಗೆ ಸೊಕ್ಕು ಎಂದುಕೊಂಡಿದ್ದೆವು’ ಎಂದರಂತೆ.

ನಾವು ಹೊರಟಾಗ ಜಗಲಿಯ ಗೋಡೆಯ ಮೇಲೆ ತೂಗಿದ್ದ ದೊಡ್ಡ ಕ್ಯಾಲೆಂಡರನ್ನು ತೋರಿಸಿದರು. ಎರಡನೆಯ ಸಲದ ದ್ರಾವಣದ ದಿನಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿತ್ತು. ಕೊನೆಗೌಡನ ಫೋನ್ ನಂಬರು ಅದರ ಪಕ್ಕದಲ್ಲೇ ಇತ್ತು, ಕೆಳಗೆ ‘ಮೈಲುತುತ್ತ: ಕೊಟ್ಟಿಗೆ ಅಟ್ಟ, ಬಲಗಡೆ’ ಎಂದು ಬರೆದಿತ್ತು. ಬರವಣಿಗೆ ಅಣ್ಣನದು.